ಕುನ್ನಿ ಮನೆಗೆ ಬಂದ ದಿನ

ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇರುವಾಗಿನ ಒಂದು ಸಂಜೆ. ಐದನೆಯ ಇಯತ್ತೆಯ ಹುಡುಗನೊಬ್ಬ ಶಾಲೆ ಬಿಟ್ಟು ಮನೆಗೆ ಬರುತ್ತಾನೆ. ಅವನ ಪಾಟಿಚೀಲ ಅಲುಗಾಡುತ್ತಿದೆ. ಪಡಸಾಲೆಯಲ್ಲಿ ಕೆಳಗಿಳಿಸಿದ ಕೂಡಲೇ ಚೀಲದ ಬಾಯಿಂದ ಒಂದು ಕಂದು ಮೂತಿ ಹೊರಗೆ ಬರುತ್ತದೆ.

‘ಎಲ್ಲಿಂದ ತಂದಿಯೋ ಇದನ್ನ? ಮೊದಲು ಬಿಟ್ಟು ಬಾ’ ಎಂದು ಅವ್ವ ಗದರುತ್ತಾಳೆ. ‘ಒಂದ ಇತ್ತವ್ವಾ, ಸಾಲಿ ಹಿಂದ ಚಳಿಯಾಗ ಅಳಾಕತ್ತಿತ್ತು’ ಎನ್ನುವಾಗ ಹುಡುಗನ ಕಣ್ಣೂ ತುಂಬಿರುತ್ತದೆ. ಅಪ್ಪ ಮಾತಾಡುವುದಿಲ್ಲ. ಕೊನೆಗೆ ಅಜ್ಜಿಯೇ ತೀರ್ಪು ಕೊಡುತ್ತಾಳೆ: ‘ಇರ್ಲಿ ಬಿಡು, ಒಂದ ಮೂಲ್ಯಾಗ ಬಿದ್ದಿರ್ತದ. ಉಳಿದದ್ದು ಒಂದು ತುತ್ತು ತಿಂತದ.’

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ನಾಯಿ ಬರುವುದು ಹೀಗೆಯೇ. ಬೆಕ್ಕಿನ ವಿಷಯವಂತೂ ಇನ್ನೂ ಸರಳ. ಅದನ್ನು ಯಾರೂ ತರುವುದೇ ಇಲ್ಲ. ಒಂದು ದಿನ ತಾನಾಗಿ ಬಂದು ಒಲೆಯ ಬದಿಯಲ್ಲಿ ಕುಳಿತಿರುತ್ತದೆ. ಆದರೆ ‘ಒಂದು ಮೂಲೆ, ಒಂದು ತುತ್ತು’ ಎಂಬ ಲೆಕ್ಕ ಅರ್ಧ ಮಾತ್ರ ಸರಿ. ನಾಯಿ ಹತ್ತು ಹನ್ನೆರಡು ವರ್ಷ ಬಾಳುವ ಜೀವಿ. ಐದನೆಯ ಇಯತ್ತೆಯ ಹುಡುಗ ಕಾಲೇಜು ಮುಗಿಸುವವರೆಗೂ ಅದು ಆ ಅಂಗಳದಲ್ಲಿ ಇರಬಹುದು. ಅಷ್ಟು ವರ್ಷ ಅದರ ಅನ್ನ, ನೀರು, ಲಸಿಕೆ, ರೋಗ, ಮರಿಗಳು ಇವೆಲ್ಲ ಯಾರ ಪಾಲಿಗೆ? ಈ ಪ್ರಶ್ನೆಯನ್ನು ಕುನ್ನಿ ಮನೆಗೆ ಬಂದ ದಿನವೇ ಕೇಳುವ ಮನೆಗಳು ಕಡಿಮೆ.

ಕಥೆಯಲ್ಲಿ ಮಾನ, ಬೀದಿಯಲ್ಲಿ ಕಲ್ಲು

ನಾಯಿಗೆ ಈ ಸೀಮೆಯಲ್ಲಿ ಗೌರವವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹಾನಗಲ್ಲೇ ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರಿ ಎಂಬುದು ಇಲ್ಲಿನ ಜನರ ಹಳೆಯ ನಂಬಿಕೆ. ಆ ಪಾಂಡವರಲ್ಲಿ ಹಿರಿಯನಾದ ಧರ್ಮರಾಯ ಕೊನೆಯ ಪಯಣದಲ್ಲಿ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಏರಲು ಒಪ್ಪಲಿಲ್ಲ ಎಂಬ ಕಥೆ ಮಕ್ಕಳಿಗೆಲ್ಲ ಗೊತ್ತು. ಇದೇ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಮೈಲಾರಲಿಂಗನ ಗೊರವಪ್ಪಗಳು ತಾವು ದೇವರ ನಾಯಿಗಳೆಂದು ಭಾವಿಸಿ ದೋಣಿಯ ಮುಂದೆ ಬಾಗುತ್ತಾರೆ. ದತ್ತಾತ್ರೇಯನ ಪಟದಲ್ಲಿ ನಾಯಿಗಳಿವೆ. ಭೈರವನಿಗೆ ನಾಯಿಯೇ ವಾಹನ.

ಕನ್ನಡ ನಾಡಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿದ ದಾಖಲೆಯೂ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಸುಮಾರಿನ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದುದನ್ನು ಕೇಳು’ ಎಂದಾಗ ಮಣಲೇರ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವ ಊಟ ಮಾಡಬಾರದೆಂಬ ಕಟ್ಟುಪಾಡೂ ಆಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲಾ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವ ಮಕ್ಕಳು ನೋಡಿಬರಬೇಕಾದ ಕಲ್ಲು ಅದು.

ಬೆಕ್ಕಿನ ನಂಟೂ ಹೊಸದಲ್ಲ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರದ ವಿವರವನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಅದು ಸುಮಾರು 9,500 ವರ್ಷ ಹಳೆಯದು. ಮನುಷ್ಯ ಕಾಳು ಕೂಡಿಡಲು ಕಲಿತ; ಕಾಳಿಗೆ ಇಲಿ ಬಂತು; ಇಲಿಯ ಹಿಂದೆ ಕಾಡುಬೆಕ್ಕು ಬಂತು. ಹಿರೇಕೆರೂರು ಕಡೆಯ ಗೋವಿನಜೋಳದ ರಾಶಿಯ ಸುತ್ತ, ಹಾನಗಲ್ಲಿನ ಭತ್ತದ ಚೀಲಗಳ ಸಂದಿಯಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ ಹಳೆಯ ಒಪ್ಪಂದ. ನಾಯಿಯ ಕಥೆಯಾದರೋ ಇನ್ನೂ ಹಿಂದಿನದು. ತೋಳದ ಸಂತತಿಯಿಂದ ಬಂದ ನಾಯಿ, ಮನುಷ್ಯ ಬೇಸಾಯ ಕಲಿಯುವ ಮೊದಲೇ ಅವನ ಜೊತೆಗಾರನಾಗಿತ್ತು. ಕುರಿಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಸಾಗುವ ಕುರುಬರಿಗೆ ನಾಯಿ ಇಂದಿಗೂ ರಾತ್ರಿಯ ಕಣ್ಣು.

ಇಷ್ಟಿದ್ದೂ ಕಥೆಯ ನಾಯಿಗೆ ಕೈಮುಗಿಯುವ ಊರಿನಲ್ಲೇ ಬೀದಿಯ ನಾಯಿಗೆ ಕಲ್ಲು ಬೀಳುತ್ತದೆ. ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದು ನಡೆಯುತ್ತದೆ. ಇದರ ಹಿಂದೆ ಇರುವುದು ಕ್ರೌರ್ಯಕ್ಕಿಂತ ಹೆಚ್ಚಾಗಿ ತಿಳಿವಳಿಕೆಯ ಕೊರತೆ.

ನಾಯಿ ಮಾತಾಡುತ್ತದೆ

ನಾಯಿಗೆ ಮಾತು ಬಾರದು ಎನ್ನುವುದು ಪೂರ್ತಿ ನಿಜವಲ್ಲ. ಅದು ಬಾಲ, ಕಿವಿ, ಕಣ್ಣು, ತುಟಿ, ಬೆನ್ನಿನ ಕೂದಲು ಎಲ್ಲದರಿಂದಲೂ ಮಾತಾಡುತ್ತದೆ. ಅದನ್ನು ಓದಲು ಬಾರದಿದ್ದಾಗ ಪೆಟ್ಟು ತಿನ್ನುವವರು ಹೆಚ್ಚಾಗಿ ಮಕ್ಕಳೇ.

ಬಾಲ ಅಲ್ಲಾಡಿಸುವ ನಾಯಿಯೆಲ್ಲ ಸ್ನೇಹದ ನಾಯಿಯಲ್ಲ. ಮೈ ಸಡಿಲ ಬಿಟ್ಟು ಸೊಂಟ ಸಮೇತ ಬಾಲ ಬೀಸಿದರೆ ಅದು ಸಂತೋಷ. ಮೈ ಬಿಗಿ ಮಾಡಿ, ಬಾಲವನ್ನು ನೆಟ್ಟಗೆ ಮೇಲೆತ್ತಿ ಸಣ್ಣಗೆ ನಡುಗಿಸಿದರೆ ಅದು ‘ಮುಂದೆ ಬರಬೇಡ’ ಎಂಬ ಸೂಚನೆ. ಬಾಲ ಕಾಲ ಸಂದಿಗೆ ಹೋಗಿ, ಕಿವಿ ಹಿಂದಕ್ಕೆ ಬಾಗಿ, ಕಣ್ಣಿನ ಬಿಳಿ ಭಾಗ ಕಾಣತೊಡಗಿದರೆ ನಾಯಿ ಹೆದರಿದೆ ಎಂದರ್ಥ. ಹೆದರಿದ ನಾಯಿಗೆ ಓಡಲು ದಾರಿ ಇಲ್ಲದಿದ್ದರೆ ಉಳಿಯುವ ಉಪಾಯ ಕಚ್ಚುವುದೊಂದೇ. ನಿದ್ದೆ ಬಾರದ ಹೊತ್ತಿನಲ್ಲಿ ಆಕಳಿಸುವುದು, ಮೂಗು ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು ಇವೂ ‘ನನಗೆ ಕಸಿವಿಸಿಯಾಗಿದೆ, ಬಿಡು’ ಎನ್ನುವ ರೀತಿ.

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಮನುಷ್ಯರ ವಿಷಯಕ್ಕೆ ಬಳಸಿದರೆ ಅಡ್ಡಿಯಿಲ್ಲ. ನಾಯಿಯ ವಿಷಯದಲ್ಲಿ ಅದನ್ನು ನಂಬಿ ಕೈ ಚಾಚಬಾರದು. ಬೊಗಳುವ ನಾಯಿ ಕಚ್ಚಲೂಬಹುದು. ಗುರುಗುಟ್ಟಿದ್ದಕ್ಕಾಗಿ ನಾಯಿಗೆ ಹೊಡೆಯುವುದೂ ತಪ್ಪು. ಗುರುಗುಟ್ಟುವುದು ಅದು ಕೊಡುವ ನೋಟೀಸು. ಹೊಡೆದು ಹೊಡೆದು ಆ ನೋಟೀಸು ನಿಲ್ಲಿಸಿದರೆ ಮುಂದೆ ಅದು ನೋಟೀಸು ಕೊಡದೆಯೇ ಕಚ್ಚುವ ನಾಯಿಯಾಗುತ್ತದೆ.

ಪ್ರತಿ ಮನೆಯಲ್ಲೂ ಮಕ್ಕಳಿಗೆ ಕಲಿಸಬೇಕಾದ ನಿಯಮಗಳು ಹೆಚ್ಚಿಲ್ಲ. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು. ಸಂಕೋಲೆಯಲ್ಲಿ ಕಟ್ಟಿದ ಪರರ ನಾಯಿಯನ್ನು ಮುಟ್ಟಬಾರದು. ಅದರ ಮುಖದ ಹತ್ತಿರ ತನ್ನ ಮುಖ ಒಯ್ಯಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಅಪರಿಚಿತ ನಾಯಿ ಎದುರಾದರೆ ಓಡಬಾರದು. ಓಡುವುದನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ. ಕೈಗಳನ್ನು ಮೈಗೆ ಹಚ್ಚಿಕೊಂಡು, ನೆಲ ನೋಡುತ್ತ, ಮರದಂತೆ ಸುಮ್ಮನೆ ನಿಂತರೆ ಮೂಸಿ ನೋಡಿ ಹೋಗುವುದೇ ಹೆಚ್ಚು. ಕೆಳಗೆ ಬಿದ್ದರೆ ಮುದುಡಿಕೊಂಡು, ಮುಖ ಮತ್ತು ಕುತ್ತಿಗೆಯನ್ನು ತೋಳುಗಳಿಂದ ಮುಚ್ಚಿಕೊಳ್ಳಬೇಕು. ಇನ್ನೊಂದು ಮಾತು: ನಾಯಿಯನ್ನು ಬೇರೆ ಮಕ್ಕಳ ಮೇಲೆ ‘ಛೂ’ ಬಿಡುವುದು ಆಟವಲ್ಲ.

ನಾಯಿಯ ಕಿವಿಯ ಬಗ್ಗೆಯೂ ತಿಳಿದಿರಬೇಕು. ಮನುಷ್ಯನಿಗೆ ಕೇಳದ ಎಷ್ಟೋ ಸೂಕ್ಷ್ಮ ಸ್ವರಗಳು ನಾಯಿಗೂ ಬೆಕ್ಕಿಗೂ ಕೇಳುತ್ತವೆ. ದೀಪಾವಳಿಯ ಪಟಾಕಿ, ಮದುವೆ ಮೆರವಣಿಗೆಯ ಡಿಜೆ ಅವುಗಳಿಗೆ ಹಬ್ಬವಲ್ಲ, ಹಿಂಸೆ. ಅಂಥ ರಾತ್ರಿಗಳಲ್ಲಿ ನಾಯಿಯನ್ನು ಹೊರಗೆ ಕಟ್ಟಿಹಾಕದೆ ಒಳಗೊಂದು ಕತ್ತಲೆಯ ಮೂಲೆ ಕೊಟ್ಟರೆ ಸಾಕು. ಪಟಾಕಿಗೆ ಬೆದರಿ ಊರು ಬಿಟ್ಟ ನಾಯಿಗಳು ದಾರಿ ತಪ್ಪುವುದು ಹೊಸದೇನಲ್ಲ.

ಬೆಕ್ಕು ಸಣ್ಣ ನಾಯಿಯಲ್ಲ

ಬೆಕ್ಕನ್ನು ನಾಯಿಯಂತೆ ಸಾಕಲು ಹೋದವರು ‘ಬೆಕ್ಕಿಗೆ ನಿಯತ್ತಿಲ್ಲ’ ಎಂದು ದೂರುತ್ತಾರೆ. ನಾಯಿ ಗುಂಪಿನ ಪ್ರಾಣಿ. ಬೆಕ್ಕಿನ ಪೂರ್ವಜರು ಒಂಟಿಯಾಗಿ ಬೇಟೆಯಾಡಿದವರು. ಅದು ಕರೆದಾಗ ಬರುವುದಿಲ್ಲ, ತನಗೆ ಬೇಕಾದಾಗ ಬರುತ್ತದೆ. ಬಂದು ಕಾಲಿಗೆ ಕೆನ್ನೆ ಉಜ್ಜಿದರೆ ತನ್ನ ವಾಸನೆಯನ್ನು ಹಚ್ಚಿ ‘ಇದು ನನ್ನವರ ಮನೆ’ ಎಂದು ಗುರುತು ಮಾಡುತ್ತಿದೆ ಎಂದು ತಿಳಿಯಬೇಕು. ಬೆಕ್ಕು ಬಾಲ ಬಡಿಯತೊಡಗಿದರೆ ಅದು ಸಂತೋಷವಲ್ಲ, ಸಿಟ್ಟು. ಇಲ್ಲಿ ನಾಯಿಯ ವ್ಯಾಕರಣ ಹೊಂದುವುದಿಲ್ಲ. ಹೊಟ್ಟೆ ತೋರಿಸಿ ಮಲಗಿದ ಬೆಕ್ಕಿನ ಹೊಟ್ಟೆ ಮುಟ್ಟಲು ಹೋಗಿ ಪರಚಿಸಿಕೊಂಡ ಮಕ್ಕಳಿಗೆ ಲೆಕ್ಕವಿಲ್ಲ.

‘ಬೆಕ್ಕು ಅಂದರೆ ಹಾಲು’ ಎಂಬುದು ಮತ್ತೊಂದು ತಪ್ಪು ತಿಳಿವಳಿಕೆ. ತಾಯಿಹಾಲು ಬಿಟ್ಟ ಮೇಲೆ ಅನೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಬೇಕೇಬೇಕು. ಅದು ಸಿಗುವುದು ಮಾಂಸ, ಮೀನುಗಳಲ್ಲಿ. ಬರೀ ಹಾಲು ಅನ್ನದ ಮೇಲೆ ಕಟ್ಟಿಹಾಕಿದ ಬೆಕ್ಕಿಗೆ ಕ್ರಮೇಣ ಕಣ್ಣು ಮಂಜಾಗಬಹುದು, ಹೃದಯ ದುರ್ಬಲವಾಗಬಹುದು. ಹಳ್ಳಿಯ ಬೆಕ್ಕುಗಳು ಹಾಲು ಅನ್ನ ಉಂಡೂ ಗಟ್ಟಿಯಾಗಿ ಇರುವ ಗುಟ್ಟು, ಅವು ರಾತ್ರಿ ಹಿಡಿಯುವ ಇಲಿಗಳಲ್ಲಿದೆ. ಮಾಂಸ ತಾರದ ಮನೆಯವರು ಬೆಕ್ಕನ್ನು ಬಾಗಿಲು ಹಾಕಿ ಒಳಗೇ ಸಾಕುವುದಾದರೆ ಬೆಕ್ಕಿಗಾಗಿಯೇ ತಯಾರಾದ ಆಹಾರ ಕೊಡುವ ಬಗ್ಗೆ ಯೋಚಿಸಬೇಕು.

ಇಲಿ ಪಾಷಾಣ ಇಡುವ ಮನೆಯಲ್ಲಿ ಬೆಕ್ಕು ಸಾಕಬಾರದು. ಬೆಕ್ಕು ಸಾಕಿದ ಮನೆಯಲ್ಲಿ ಪಾಷಾಣ ಇಡಬಾರದು. ವಿಷ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಸುಲಭದ ಬೇಟೆ.

ಉಳಿದದ್ದೇ ಊಟವೇ?

ನಮ್ಮ ಕಡೆ ನಾಯಿ ಬೆಳೆಯುವುದು ಜೋಳದ ರೊಟ್ಟಿ, ಅನ್ನ, ಮಜ್ಜಿಗೆಯ ಮೇಲೆ. ಅದರಿಂದ ಹೊಟ್ಟೆ ತುಂಬುತ್ತದೆ. ಬೆಳೆಯುವ ಮರಿಗೆ ಬೇಕಾದಷ್ಟು ಸಾರ ಸಿಗುವುದಿಲ್ಲ. ಬೇಯಿಸಿದ ತತ್ತಿ, ಮೀನು, ಮಾಂಸ ಇವುಗಳಲ್ಲಿ ಯಾವುದಾದರೊಂದು ಸೇರಬೇಕು. ಮಾಂಸ ಉಣ್ಣದ ಮನೆಯವರು ಬೇಳೆ, ಮೊಸರು ಹೆಚ್ಚಿಸಿ, ಕೊರತೆ ಏನಾದರೂ ಇದೆಯೇ ಎಂದು ಪಶುವೈದ್ಯರನ್ನು ಕೇಳುವುದು ಒಳ್ಳೆಯದು. ಬೆಂದ ಕೋಳಿ ಎಲುಬು ಕೊಡಬಾರದು. ಅದು ಚೂಪಾಗಿ ಒಡೆದು ಗಂಟಲು, ಕರುಳು ಹರಿಯಬಹುದು.

ಒಗ್ಗರಣೆಯ ಪಲ್ಯ, ಸಾರು ಮಿಕ್ಕಿದರೆ ನಾಯಿಯ ತಾಟಿಗೆ ಸುರಿಯುವುದು ರೂಢಿ. ಆದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೂ ಬೆಕ್ಕಿಗೂ ವಿಷ. ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿಗಳೂ ನಾಯಿಗೆ ಅಪಾಯ. ಮಕ್ಕಳು ಪ್ರೀತಿಯಿಂದ ಕೊಡುವುದು ಇವನ್ನೇ ಎಂಬುದನ್ನು ಪಾಲಕರು ನೆನಪಿಡಬೇಕು.

ಔಷಧದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಕ್ಕಳ ಜ್ವರಕ್ಕೆ ಮನೆಯಲ್ಲಿ ಇಟ್ಟುಕೊಂಡಿರುವ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ತುಂಡು ಬೆಕ್ಕಿನ ಜೀವ ತೆಗೆಯಬಲ್ಲದು. ಮನುಷ್ಯರ ಮಾತ್ರೆಯನ್ನು ಪ್ರಾಣಿಗೆ ಅಂದಾಜಿನ ಮೇಲೆ ಕೊಡಲೇಬಾರದು.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಾಯಿಗೆ ಬೇಕಾದುದು ಊಟಕ್ಕಿಂತ ನೀರು. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ತಗಡಿನ ಕೆಳಗೆ, ನೀರಿಲ್ಲದೆ, ಗಿಡ್ಡ ಸರಪಳಿಯಲ್ಲಿ ಕಟ್ಟಿದ ನಾಯಿ ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ದಿನವಿಡೀ ಕಟ್ಟಿದ ನಾಯಿ ಒಳ್ಳೆಯ ಕಾವಲುಗಾರ ಆಗುತ್ತದೆ ಎಂಬುದೂ ಸುಳ್ಳು. ಅದು ಸಿಡುಕಿನ ನಾಯಿಯಾಗುತ್ತದೆ, ಅಷ್ಟೆ.

ಜಾತಿ ನಾಯಿಯ ಮೋಹದ ಬಗ್ಗೆಯೂ ಒಂದು ಮಾತು. ಪೇಟೆಯಲ್ಲಿ ದಟ್ಟ ಕೂದಲಿನ ಚಳಿನಾಡಿನ ನಾಯಿಗಳು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತವೆ. ಅವಕ್ಕೆ ಈ ಬಯಲುಸೀಮೆಯ ಬಿಸಿಲು ಶಿಕ್ಷೆ. 2005ರಲ್ಲಿ ಅಂಚೆ ಇಲಾಖೆಯ ಚೀಟಿಯ ಮೇಲೆ ಬಂದ ಮುಧೋಳ ನಾಯಿ ಈ ನೆಲದ್ದೇ ಆದರೂ ಅದು ಓಡಲೆಂದೇ ಹುಟ್ಟಿದ ಬೇಟೆನಾಯಿ. ಅದಕ್ಕೆ ಬಯಲು ಬೇಕು. ಸಾಮಾನ್ಯ ಮನೆಯ ಅಂಗಳಕ್ಕೆ, ಇಲ್ಲಿನ ಹವೆಗೆ ಹೊಂದಿ ಬಂದ ನಮ್ಮ ಊರ ನಾಯಿಯಷ್ಟು ಒಗ್ಗುವುದು ಬೇರೊಂದಿಲ್ಲ.

ಎರಡು ತಿಂಗಳು, ಮೂರು ತಿಂಗಳು

ಮೊದಲಿನ ಹುಡುಗನ ಕುನ್ನಿಗೆ ಬರೋಣ. ಊರ ನಾಯಿಗಳು ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ಕೂಡಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಬಸುರಿನ ಅವಧಿ ಸುಮಾರು 63 ದಿನ. ಮರಿ ಕಣ್ಣು ತೆರೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಎಂಟು ವಾರ ತುಂಬುವವರೆಗೆ ಅದು ತಾಯಿಯ ಹತ್ತಿರ ಇರಬೇಕು. ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದನ್ನು ಅದು ಒಡಹುಟ್ಟಿದವುಗಳ ಜೊತೆ ಆಡಿಯೇ ಕಲಿಯುವುದು. ಬೇಗ ತಂದ ಮರಿಗೆ ಈ ಪಾಠ ತಪ್ಪುತ್ತದೆ.

ಮರಿ ಮನೆಗೆ ಬಂದ ವಾರದಲ್ಲೇ ಪಶು ಆಸ್ಪತ್ರೆಗೆ ಒಯ್ಯಬೇಕು. ಜಂತುಹುಳದ ಔಷಧವನ್ನು ಮೂರು ತಿಂಗಳ ವಯಸ್ಸಿನವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ಕೊಡಿಸಬೇಕು. ನಾಯಿಯ ಹೊಟ್ಟೆಯ ಕೆಲವು ಹುಳುಗಳ ತತ್ತಿ ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆಗೂ ಸೇರುತ್ತದೆ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆ ಆರಂಭ. ಪಾರ್ವೊ ಬಂದರೆ ಮರಿ ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲೇ ಹೋಗಬಹುದು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮತ್ತೊಂದು, ನಂತರ ವರ್ಷಕ್ಕೊಮ್ಮೆ. ಬೆಕ್ಕಿಗೂ ರೇಬಿಸ್ ಲಸಿಕೆ ಹಾಕಿಸಬೇಕು ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ಮೈಮೇಲಿನ ಉಣ್ಣಿಯನ್ನು ಬರಿಗೈಯಲ್ಲಿ ಹಿಸುಕಬಾರದು, ಅದಕ್ಕೂ ಔಷಧವಿದೆ.

ಮರಿಗಳನ್ನು ಊರಾಚೆ ಬಿಡುವ ಪಾಪಕ್ಕೆ ಪರಿಹಾರ, ಮರಿಗಳೇ ಆಗದಂತೆ ನೋಡಿಕೊಳ್ಳುವುದು. ಸಂತಾನಹರಣ ಶಸ್ತ್ರಚಿಕಿತ್ಸೆ ಹೆಣ್ಣಿಗೂ ಗಂಡಿಗೂ ಆಗುತ್ತದೆ. ಬೆಕ್ಕಂತೂ ಐದಾರು ತಿಂಗಳಿಗೇ ಗಬ್ಬ ನಿಲ್ಲಬಲ್ಲದು. ಒಮ್ಮೆಯಾದರೂ ಮರಿ ಹಾಕಬೇಕೆಂಬ ನಂಬಿಕೆಗೆ ಆಧಾರವಿಲ್ಲ.

ಅಂಗಿಯ ತೋಳಿನೊಳಗಿನ ಗಾಯ

ಕುನ್ನಿ ಬಂದು ವಾರವಾಗಿದೆ. ಆಡುತ್ತ ಆಡುತ್ತ ಅದರ ಸೂಜಿಹಲ್ಲು ಹುಡುಗನ ಮುಂಗೈಗೆ ತಾಗುತ್ತದೆ. ಒಂದು ಹನಿ ರಕ್ತ. ಹುಡುಗ ಅತ್ತ ಇತ್ತ ನೋಡಿ ಅಂಗಿಯ ತೋಳು ಕೆಳಗೆಳೆಯುತ್ತಾನೆ. ಹೇಳಿದರೆ ಅವ್ವ ಬಯ್ಯುತ್ತಾಳೆ, ಅಪ್ಪ ಕುನ್ನಿಯನ್ನು ಬಿಟ್ಟುಬರುತ್ತಾನೆ. ಮೇಲೆ ಹೊಟ್ಟೆಗೆ ಹದಿನಾಲ್ಕು ಸೂಜಿ!

ಈ ಲೇಖನದ ಎಲ್ಲ ಮಾತಿಗಿಂತ ಮುಖ್ಯವಾದುದು ಆ ಅಂಗಿಯ ತೋಳಿನೊಳಗೆ ಇದೆ.

ರೇಬಿಸ್ ವೈರಾಣು ಪ್ರಾಣಿಯ ಜೊಲ್ಲಿನಲ್ಲಿ ಇರುತ್ತದೆ. ಕಚ್ಚಿದ, ಪರಚಿದ ಅಥವಾ ಗಾಯ ನೆಕ್ಕಿದ ಜಾಗದಿಂದ ಅದು ನರಗಳ ಗುಂಟ ಮೆಲ್ಲಗೆ ಮಿದುಳಿನತ್ತ ಸಾಗುತ್ತದೆ. ಲಕ್ಷಣ ತೋರಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ; ಒಂದೇ ವಾರವೂ ಆಗಬಹುದು, ವರ್ಷವೂ ಕಳೆಯಬಹುದು. ಮಿದುಳು ಮುಟ್ಟಿ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ಅದಕ್ಕೆ ಮೊದಲು ಸರಿಯಾಗಿ ಚಿಕಿತ್ಸೆ ಪಡೆದರೆ ರೋಗವನ್ನು ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಬಲಿಯಾಗುವವರಲ್ಲಿ ನೂರಕ್ಕೆ ನಲವತ್ತರಷ್ಟು 15 ವರ್ಷದೊಳಗಿನ ಮಕ್ಕಳು. ಇಷ್ಟೊಂದು ಮಕ್ಕಳು ಏಕೆ? ಮಕ್ಕಳು ನಾಯಿಯ ಹತ್ತಿರ ಹೋಗುತ್ತಾರೆ; ಎತ್ತರ ಕಡಿಮೆಯಾದ್ದರಿಂದ ಗಾಯ ಮುಖ, ತಲೆಗೆ ಆಗುತ್ತದೆ. ಮೂರನೆಯ ಕಾರಣ, ಅವರು ಹೇಳುವುದಿಲ್ಲ.

ಹದಿನಾಲ್ಕು ಸೂಜಿಯ ಭಯ ಅಜ್ಜ ಅಜ್ಜಿಯರ ಕಾಲದ್ದು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಮೊದಲ ಬಾರಿಗೆ ಒಂದು ಮಗುವನ್ನು ಉಳಿಸಿದ್ದು 1885ರ ಜುಲೈನಲ್ಲಿ. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಚಿಕಿತ್ಸೆ ಕೊಡಿಸಿದ ಜೋಸೆಫ್ ಮೈಸ್ಟರ್ ಆಗ ಒಂಬತ್ತು ವರ್ಷದ ಹುಡುಗ. ಭಾರತದಲ್ಲಿ ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮಿದುಳಿನಿಂದ ತಯಾರಿಸುವ ಲಸಿಕೆ ರೂಪಿಸಿದ. ದಶಕಗಳ ಕಾಲ ಹೊಟ್ಟೆಗೆ ಚುಚ್ಚುತ್ತಿದ್ದುದು ಅದನ್ನೇ. 2005ರ ಹೊತ್ತಿಗೆ ಅದು ಭಾರತದಲ್ಲಿ ನಿಂತುಹೋಯಿತು. ಈಗಿನ ಲಸಿಕೆ ಕೊಡುವುದು ತೋಳಿಗೆ. ಚರ್ಮದೊಳಗೆ ಕೊಡುವ ಕ್ರಮವಾದರೆ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರಿ ಒಟ್ಟು ಐದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಕಚ್ಚಿದ ಕೂಡಲೇ ಮಾಡಬೇಕಾದ ಕೆಲಸ ಮನೆಯ ಬಚ್ಚಲಲ್ಲೇ ಇದೆ. ಹರಿಯುವ ನೀರಿನಲ್ಲಿ, ಸಾಬೂನು ಹಚ್ಚಿ, ಗಡಿಯಾರ ನೋಡಿ ಪೂರ್ತಿ 15 ನಿಮಿಷ ತೊಳೆಯಬೇಕು. ಇಷ್ಟರಿಂದಲೇ ವೈರಾಣುವಿನ ಬಹುಪಾಲು ಹೋಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿಗೆ ಹೆಸರಾದ ಜಿಲ್ಲೆ ಇದು. ಗಾಯಕ್ಕೆ ಖಾರದ ಪುಡಿ ತುಂಬುವ ಪದ್ಧತಿ ಮಾತ್ರ ಇಲ್ಲಿಗೂ ಬೇಡ, ಎಲ್ಲಿಗೂ ಬೇಡ. ಸುಣ್ಣ, ಅರಿಸಿನ, ಎಲೆರಸ ಯಾವುದನ್ನೂ ಹಚ್ಚಬಾರದು. ಅವು ಗಾಯವನ್ನು ಕೆರಳಿಸುತ್ತವೆ, ಹೊತ್ತು ಹಾಳುಮಾಡುತ್ತವೆ. ತೊಳೆದ ಮೇಲೆ ನೇರವಾಗಿ ಆಸ್ಪತ್ರೆ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಕೊಡುವ ಪ್ರತಿಕಾಯದ ಚುಚ್ಚುಮದ್ದೂ ಬೇಕಾಗುತ್ತದೆ. ಆ ಆಸ್ಪತ್ರೆಯಲ್ಲಿ ಅದು ಇಲ್ಲದಿದ್ದರೆ ಎಲ್ಲಿ ಸಿಗುತ್ತದೆಂದು ಕೇಳಿ ಅಂದೇ ಹೋಗಬೇಕು.

‘ಮನೆಯ ನಾಯಿ’, ‘ಸಣ್ಣ ಮರಿ’, ‘ಬರೀ ಬೆಕ್ಕು’ ಎಂಬ ಮೂರು ಸಮಾಧಾನಗಳೂ ಅಪಾಯದವು. ಲಸಿಕೆ ಆಗದ ಮರಿಗೂ, ಬೆಕ್ಕಿಗೂ ರೇಬಿಸ್ ಬರುತ್ತದೆ. ಕಚ್ಚಿದ ನಾಯಿ ಅಥವಾ ಬೆಕ್ಕನ್ನು ಹೊಡೆದು ಕೊಲ್ಲದೆ ಹತ್ತು ದಿನ ನೋಡುತ್ತಿರಬೇಕು. ಹತ್ತು ದಿನವೂ ಅದು ಚೆನ್ನಾಗಿದ್ದರೆ, ಕಚ್ಚಿದಾಗ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದರ್ಥ. ಮುಂದಿನ ಲಸಿಕೆಯ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ‘ಹತ್ತು ದಿನ ನೋಡಿ ಆಮೇಲೆ ಲಸಿಕೆ’ ಎನ್ನುವುದು ತಪ್ಪು. ಲಸಿಕೆ ಅಂದೇ ಶುರುವಾಗಬೇಕು, ನೋಡುವುದು ಅದರ ಜೊತೆಗೆ. ಹುಚ್ಚು ಹಿಡಿದ ನಾಯಿ ಸದಾ ಬೊಗಳುತ್ತ ಬೆನ್ನಟ್ಟುತ್ತದೆ ಎಂದೂ ತಿಳಿಯಬೇಕಿಲ್ಲ. ಕೆಲವು ಮಂಕಾಗಿ, ದವಡೆ ಜೋತುಬಿದ್ದು, ಕತ್ತಲ ಮೂಲೆ ಹುಡುಕುತ್ತವೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಿದವರೂ ಅಪಾಯಕ್ಕೆ ಸಿಲುಕುತ್ತಾರೆ.

ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿತು. 2030ರೊಳಗೆ ನಾಯಿಯಿಂದ ಬರುವ ರೇಬಿಸನ್ನು ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆಯೂ 2021ರಲ್ಲಿ ರೂಪುಗೊಂಡಿದೆ. ಇವೆಲ್ಲ ಸರ್ಕಾರದ ಕೆಲಸ. ಮನೆಯ ಕೆಲಸ ಒಂದೇ: ‘ಕಚ್ಚಿತು’ ಎಂದು ಮಗು ಹೇಳಿದಾಗ ಮೊದಲು ಬಯ್ಯದಿರುವುದು. ಬಯ್ಗುಳದ ಭಯಕ್ಕೆ ಗಾಯ ಮುಚ್ಚಿಡುವ ಮಗು ತನಗೇ ಗೊತ್ತಿಲ್ಲದೆ ಪ್ರಾಣವನ್ನು ಪಣಕ್ಕಿಟ್ಟಿರುತ್ತದೆ. ‘ಹೇಳಿದ್ದು ಚಲೋ ಆತು, ಬಾ ತೊಳೆಯೋಣ’ ಎನ್ನುವ ಒಂದು ಮಾತು ಒಂದು ಲಸಿಕೆಗೆ ಸಮ.

ಒಂದು ನೋಟುಬುಕ್ಕು

ಹುಡುಗ ಅಂದು ರಾತ್ರಿ ಉಣ್ಣುವಾಗ ತೋಳು ಮಡಚಲು ಹಿಂದೆಮುಂದೆ ನೋಡುತ್ತಾನೆ. ಅಜ್ಜಿಯ ಕಣ್ಣಿಗೆ ಅದು ಬೀಳುತ್ತದೆ. ಅವ್ವ ಗದರಲು ಬಾಯಿ ತೆರೆದು, ಯಾಕೋ ಸುಮ್ಮನಾಗಿ, ಸಾಬೂನು ತರುತ್ತಾಳೆ. ಅಪ್ಪ ಬಚ್ಚಲಲ್ಲಿ ನಿಂತು ಗಡಿಯಾರ ಹಿಡಿಯುತ್ತಾನೆ. ಅದೇ ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ತೋಳಿಗೆ ಲಸಿಕೆ ಬೀಳುತ್ತದೆ, ಗಾಯದ ಚುಚ್ಚುಮದ್ದೂ ಆಗುತ್ತದೆ. ಇಂಥ ಮನೆಯಲ್ಲಿ ಮಗುವೂ ಉಳಿಯುತ್ತದೆ, ಕುನ್ನಿಯೂ ಉಳಿಯುತ್ತದೆ.

ಮರುದಿನ ಆ ಹುಡುಗನಿಗೆ ಅಪ್ಪ ಒಂದು ನೂರು ಪುಟದ ನೋಟುಬುಕ್ಕು ತಂದುಕೊಡುವುದು ಒಳ್ಳೆಯದು. ಒಂದು ಪುಟದಲ್ಲಿ ತನ್ನ ಲಸಿಕೆಯ ದಿನಗಳು. ಇನ್ನೊಂದರಲ್ಲಿ ಕುನ್ನಿಯನ್ನು ಹತ್ತು ದಿನ ನೋಡಿದ ವಿವರ: ತಿಂದಿತೇ, ನೀರು ಕುಡಿಯಿತೇ, ಆಡಿತೇ. ಮುಂದಿನ ಪುಟಗಳಲ್ಲಿ ಜಂತುಹುಳದ ಔಷಧ, ಲಸಿಕೆ, ತೂಕ. ನೀರಿನ ಬೋಗುಣಿ ತುಂಬುವುದು ಯಾರ ಪಾಳಿ, ಊಟ ಹಾಕುವುದು ಯಾರ ಪಾಳಿ ಎಂಬುದೂ ಅದರಲ್ಲೇ ಇರಲಿ. ಇದು ಹೋಂವರ್ಕ್ ಅಲ್ಲ, ಆದರೆ ಯಾವ ವಿಜ್ಞಾನ ಪಾಠಕ್ಕೂ ಕಡಿಮೆಯಲ್ಲ. ಇಂಥ ನೋಟುಬುಕ್ಕು ಬರೆದ ಮಕ್ಕಳಲ್ಲಿ ಯಾರಾದರೂ ಮುಂದೆ ಪಶುವೈದ್ಯರಾದರೆ ಆಶ್ಚರ್ಯವಿಲ್ಲ.

ಒಂದು ದಿನ ಆ ನಾಯಿ ಮುಪ್ಪಾಗುತ್ತದೆ. ಕಿವಿ ಮಂದವಾಗುತ್ತದೆ, ಮೆಟ್ಟಿಲು ಏರಲು ತಡವರಿಸುತ್ತದೆ. ಅಷ್ಟು ಹೊತ್ತಿಗೆ ಹುಡುಗ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಓದುತ್ತಿರಬಹುದು. ರಜೆಗೆ ಬಂದವನ ಹೆಜ್ಜೆಯ ಸಪ್ಪಳ ಅದಕ್ಕೆ ಕೇಳಲಿಕ್ಕಿಲ್ಲ. ವಾಸನೆ ಮಾತ್ರ ಸಿಕ್ಕೀತು. ಮಲಗಿದಲ್ಲೇ ಬಾಲ ಎರಡು ಸಲ ನೆಲಕ್ಕೆ ಬಡಿದೀತು. ಆ ಹೊತ್ತಿನವರೆಗೂ ಅದನ್ನು ನೋಡಿಕೊಳ್ಳುವ ಮನಸ್ಸಿದ್ದವರು ಕುನ್ನಿಯನ್ನು ಮನೆಗೆ ತರಲಿ. ಇಲ್ಲದವರು ಬೀದಿಯ ಬದಿಯಲ್ಲಿ ಒಂದು ಬೋಗುಣಿ ನೀರಿಟ್ಟರೂ ಆಯಿತು.